ನಡುವೆ ನಿಂತ ಉಸಿರು

ಸೋಮವಾರ, ಮಾರ್ಚ್ ೩

ತಮ್ಮಾ,

ಅಸ್ಸಲಾಮು ಅಲೈಕುಮ್. ಸಲಾಂ ಇಲ್ಲದೆ ಪತ್ರ ಶುರುಮಾಡಿದರೆ ಅಮ್ಮ ಬೈಯುತ್ತಿದ್ದಳು, ಅದಕ್ಕೆ ಬರೆದಿದ್ದೇನೆ. ನಿನ್ನ ಮೇಲೆ ಪ್ರೀತಿ ಉಕ್ಕಿ ಅಲ್ಲ. ಎದುರೆದುರೇ ಹೇಳೋಣವೆಂದರೆ ನಿನ್ನ ಕಚೇರಿ ಬಾಗಿಲಲ್ಲಿ ಈಗ ಚೀಟಿ ಕೊಟ್ಟು ಕಾಯಬೇಕು. ಅಕ್ಕನಿಗೂ ಅದೇ ನಿಯಮವಂತೆ.

ನಿನ್ನ ಮದರಸಾಕ್ಕೆ ಕೃತಕ ಬುದ್ಧಿಮತ್ತೆ ಬಂದು ಮೂರು ತಿಂಗಳಾಯಿತು. ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಟ್ಯಾಬ್ ಮುಂದೆ ಕುರ್‌ಆನ್ ಓದುತ್ತಾರೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಇಪ್ಪತ್ತೆರಡು ವರ್ಷ ಓದಿಸಿದ ನನಗೆ ಚಾರ್ಜರ್ ಸಿಕ್ಕಿಸುವ ಕೆಲಸ. ಯಂತ್ರಕ್ಕೆ ತಲೆನೋವಿಲ್ಲ, ಪಕ್ಷಪಾತವಿಲ್ಲ ಎಂದು ಪೋಷಕರ ಸಭೆಯಲ್ಲಿ ನೀನು ನನ್ನ ಕಡೆ ನೋಡಿಕೊಂಡೇ ಹೇಳಿದೆ. ಮೈಯೆಲ್ಲ ಉರಿದುಹೋಯಿತು.

ಅದರೊಳಗಿರುವ ದನಿ ನನ್ನದೇ ತಾನೆ? ಮಕ್ಕಳ ಓದನ್ನು ಅದು ಹೋಲಿಸಿ ನೋಡುವುದು ಆ ದನಿಯ ಜೊತೆಗೇ. ಅಮ್ಮ ತೀರಿಹೋದ ಎಂಟನೇ ದಿನ ಹೊರಗಿನ ಸದ್ದು ಬರದಂತೆ ಉಗ್ರಾಣದ ಕಿಟಕಿಗೆ ಹಾಸಿಗೆ ಒರಗಿಸಿ ನನ್ನನ್ನು ಮೈಕಿನ ಮುಂದೆ ಕೂರಿಸಿದೆ. ಅನಾಥನಿಗೆ ಆಸರೆ ಸಿಕ್ಕಿದ್ದನ್ನು ನೆನಪಿಸುವ ಸಾಲು ಬಂತು. ಒಂದೇ ಉಸಿರಿನಲ್ಲಿ ಮುಗಿಸು ಎಂದು ಅಮ್ಮ ನಮ್ಮಿಬ್ಬರ ಮಂಡಿ ತಟ್ಟಿ ಕಲಿಸಿದ ಸಾಲದು. ಅನಾಥ ಎನ್ನುವಷ್ಟರಲ್ಲಿ ನನಗೆ ಅಳು ಬಂತು. ಆಸರೆ ಎನ್ನಲು ಮತ್ತೆ ಉಸಿರೆಳೆದುಕೊಂಡೆ. ಮುಂದಕ್ಕೆ ಓದಕ್ಕಾ, ಆಮೇಲೆ ಸರಿಮಾಡಿಸ್ತೀನಿ ಅಂದೆ ನೀನು. ಮಾಡಿಸಲಿಲ್ಲ.

ಈಗ ನಲವತ್ತು ಮಕ್ಕಳೂ ಅಲ್ಲೇ ನಿಂತು ಉಸಿರೆಳೆಯುತ್ತಾರೆ. ನನ್ನ ಅಳು ಅವರಿಗೆ ಪಾಠವಾಗಿದೆ.

ದರ್ಜಿಯ ಮಗಳೊಬ್ಬಳು ಮಾತ್ರ ನಿಲ್ಲಲಿಲ್ಲ. ನಾನು ಹಿಂದೆ ಕಲಿಸಿದ ಹಾಗೆ ಒಂದೇ ಉಸಿರಿಗೆ ಓದಿದಳು. ಏಳು ಸಲ ಓದಿದಳು, ಏಳು ಸಲವೂ ಕೆಂಪು. ನೀನು ಬಂದು ಪರದೆ ನೋಡಿದೆ, ಅವಳ ಓದು ಕೇಳಲಿಲ್ಲ. ಪುಟ್ಟ ಮಕ್ಕಳ ಬೆಂಚಿಗೆ ಕಳಿಸಿದೆ. ಅಂದಿನಿಂದ ಅವಳು ಬಂದಿಲ್ಲ. ನಿನ್ನೆ ಅವಳಪ್ಪ ಅಂಗಡಿ ಮುಂದೆ ನನ್ನನ್ನು ನಿಲ್ಲಿಸಿ, ಟೀಚರ್, ನೀವು ಹೇಳ್ಕೊಟ್ಟಿದ್ದೇ ತಪ್ಪಾ ಅಂತ ಮಗಳು ಕೇಳ್ತಾಳೆ, ಏನ್ ಹೇಳ್ಲಿ ಅಂದರು. ಮನೆಯಲ್ಲೂ ಅವಳು ಕುರ್‌ಆನ್ ತೆರೆಯುತ್ತಿಲ್ಲವಂತೆ.

ಯಂತ್ರಕ್ಕೆ ಗೊತ್ತಿಲ್ಲ, ಬಿಡು. ನಿನಗೆ ಕಲಿಸಿದ್ದು ಅಮ್ಮನಲ್ಲವೇ? ನಿನ್ನ ಕಿವಿಗೆ ಏನಾಗಿತ್ತು? ಶುಕ್ರವಾರದೊಳಗೆ ಆ ದನಿ ತೆಗೆಸು. ಇಲ್ಲದಿದ್ದರೆ ಪೋಷಕರ ಸಭೆಯಲ್ಲಿ ನಾನೇ ಎದ್ದುನಿಂತು ಎರಡೂ ರೀತಿ ಓದಿ ತೋರಿಸುತ್ತೇನೆ. ಆಮೇಲೆ ಮುಖ ಎಲ್ಲಿಟ್ಟುಕೊಳ್ಳುತ್ತೀಯೋ ನೀನೇ ನೋಡಿಕೋ.

ಚಾರ್ಜರ್ ಸಿಕ್ಕಿಸುವ
ನಿನ್ನ ಅಕ್ಕ

ತಾ. ಕ.: ಮಡಚಿದ ಪತ್ರ ಮತ್ತೆ ಬಿಚ್ಚಿದ್ದೇನೆ. ಸಂಜೆ ದರ್ಜಿಯ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಹೇಳಬೇಕಾದ್ದನ್ನು ನಿನಗೂ ಹೇಳಿಬಿಡುತ್ತೇನೆ. ಆ ತಪ್ಪು ನನಗೆ ಮೊದಲ ದಿನವೇ ಕೇಳಿಸಿತ್ತು. ಎಲ್ಲರೆದುರು ನೀನು ನಗೆಪಾಟಲಾಗಲಿ ಎಂದು ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಏಳನೇ ಸಲ ಕೆಂಪು ಬಂದಾಗ ಆ ಮಗು ತಿರುಗಿ ನೋಡಿದ್ದು ನಿನ್ನನ್ನಲ್ಲ, ನನ್ನನ್ನು. ನಾನು ತಲೆ ತಗ್ಗಿಸಿ ಚಾರ್ಜರ್ ವೈರು ಸುತ್ತುತ್ತಿದ್ದೆ.