ಅಟ್ಟದ ಮೇಲಿನ ಪುನುಗು

೧೯೨೪ ಜೂನ್ ೩, ಮಂಗಳವಾರ. ಬೆಳಿಗ್ಗೆ

ಆ ಕಾಡುಬೆಕ್ಕು ಇವತ್ತೂ ಹೇತು ಹೋಗಿದೆ. ಕೊಬ್ಬರಿಗೆಂದು ಅಟ್ಟದಲ್ಲಿ ಹರಡಿದ ಕಾಯಿಗಳ ಮೇಲೆ, ಈಚಲು ಬೀಜ ತುಂಬಿದ ಕರೀ ಗುಪ್ಪೆ. ಉಚ್ಚೆ ಹಲಗೆಯ ಸಂದಿನಿಂದ ಇಳಿದು ಅಡುಗೆಮನೆಗೆ ತೊಟ್ಟಿಕ್ಕುತ್ತದೆ. ನಿನ್ನೆ ಒಂದು ಹನಿ ಮಜ್ಜಿಗೆಗೇ ಬಿತ್ತು. ಚೆಲ್ಲಿದೆ. ಆಮೇಲೆ ಹಿತ್ತಿಲಿಗೆ ಓಡಿ ವಾಂತಿ. ಮೂರು ತಿಂಗಳ ಬಸುರಿಗೆ ಈ ನಾತ ಬೇರೆ!

ಅತ್ತೆಯವರದು ಒಂದೇ ಮಾತು. "ಇಲಿ ತಿಂತದೆ ಕಣೇ ಮಲ್ಲಿ, ಇರ್ಲಿ ಬಿಡು. ನಾನು ಈ ಮನೆಗೆ ಬಂದಾಗ್ಲೂ ಒಂದಿತ್ತು."

ಇಲಿಯೇ ವಾಸಿ.

ಜೂನ್ ೫, ಗುರುವಾರ

ಸಿಕ್ಕಿಬಿತ್ತು. ಯಗಟಿಯಿಂದ ತರಿಸಿದ ಬೋನಿನಲ್ಲಿ ಇವರು ಬಾಳೆಹಣ್ಣು ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಒಳಗೆ ಕೂತಿದೆ. ಕಪ್ಪು ಮೋರೆ, ಉದ್ದ ಬಾಲ. ಸದ್ಯ! ದೂರ ಒಯ್ದು ಕಾಡಿಗೆ ಬಿಟ್ಟು ಬನ್ನಿ ಅಂದೆ.

"ಬಿಡೋದಾ? ಹುಚ್ಚಿ. ಪುನುಗಿನ ಬೆಕ್ಕು ಕಣೇ ಇದು, ಬಾಲದ ಬುಡದಿಂದ ಪರಿಮಳ ತೆಗೀತಾರೆ. ಇಪ್ಪತ್ಮೂರಕ್ಕೆ ಮಠದ ಸ್ವಾಮಿಗಳು ಪಾದಪೂಜೆಗೆ ಬತ್ತಾರೆ. ನಮ್ಮನೇಲೇ ತೆಗೆದ ಪುನುಗು ಅಂತ ಅವರ ಪೂಜೆಗೆ ಒಪ್ಪಿಸ್ತೀನಿ. ತಾಲ್ಲೂಕಲ್ಲಿ ಇನ್ಯಾರು ಕೊಟ್ಟಿದ್ದಾರೆ ಹೇಳು?"

ಬೋನು ಹಿತ್ತಿಲ ಜಗಲಿಗೆ ಬಂತು. ಹಣ್ಣು ಹಾಕುವ ಕೆಲಸ ನನಗೆ.

ಜೂನ್ ೬, ಶುಕ್ರವಾರ

ತುಪ್ಪದ ಚಮಚ! ಅಜ್ಜಂಪುರದಿಂದ, ನನ್ನ ತವರಿನಿಂದ ಬಂದ ಬೆಳ್ಳಿ ಚಮಚ. ಅದೇ ಬೇಕಾಯಿತು ಇವರಿಗೆ. ಆಳು ಈರಣ್ಣ ಸರಳಿನ ಸಂದಿಯಿಂದ ಬಾಲ ಹಿಡಿದು ಎಳೆದ. ಇವರು ಅದರ ಕೆಳಗೆ ಚಮಚ ಹಾಕಿ ಕೆರೆದರು. ಚಿರ್ರನೆ ರಸ ಹಾರಿತು — ಇವರ ಮೋರೆ, ಎದೆ, ಗೋಡೆ. ಸುಟ್ಟ ಕೂದಲು, ಹಳಸಿದ ಅನ್ನ ಸೇರಿದ ಹಾಗೆ ನಾತ. ಪರಿಮಳವಂತೆ ಪರಿಮಳ!

ಇವರು ಬೆರಳು ಮೂಸಿದರು. ಮತ್ತೆ ಮೂಸಿದರು. "ನಾಳೆ ಸರಿಯಾಗಿ ಬತ್ತದೆ" ಅಂದರು.

ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಅದೇ ಕೈಯಲ್ಲಿ ಮುದ್ದೆ ಮುರಿದರು. ನಾನು ಊಟ ಮಾಡಲಿಲ್ಲ.

ಜೂನ್ ೮, ಭಾನುವಾರ

ಅಟ್ಟದಲ್ಲಿ ಏನೋ ಕುಂಯ್‌ಗುಡುತ್ತಿದೆ. ಇವರು ಇಲಿಮರಿ ಅಂದರು. ಬೋನಿನಲ್ಲಿರುವುದು ಹಣ್ಣು ಮುಟ್ಟುತ್ತಿಲ್ಲ. ತಲೆಯೆತ್ತಿ ಅಟ್ಟದ ಕಡೆಗೇ ನೋಡುತ್ತದೆ. ಅತ್ತೆ ಬಗ್ಗಿ ನೋಡಿದರು.

"ಮೊಲೆ ಕಟ್ಟಿಕೊಂಡೈತೆ ಕಣೋ ಜಯದೇವ. ಬಾಣಂತಿ ಇದು. ಬಿಟ್ಬಿಡೋ."

"ಸುಮ್ನಿರವ್ವ. ಸ್ವಾಮಿಗಳಿಗೆ ಹೇಳಿ ಕಳಿಸಿದ್ದೀನಿ. ಈಗ ಇಲ್ಲ ಅನ್ನಕ್ಕಾಯ್ತದಾ?"

ಇವತ್ತೂ ಕೆರೆದರು. ಈ ಸಲ ರಕ್ತ ಬಂತು.

ಜೂನ್ ೧೦, ಮಂಗಳವಾರ

ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಮೇಲೆ ಹುಳು ಬಿತ್ತು. ಬಿಳೀ ಹುಳು. ಇನ್ನೊಂದು ನನ್ನ ಮಣಿಕಟ್ಟಿನ ಮೇಲೆ.

ಏಣಿ ಹತ್ತಿದೆ. ಅತ್ತೆ ಬೇಡ ಬೇಡ ಅನ್ನುತ್ತಲೇ ಕೆಳಗೆ ಹಿಡಿದುಕೊಂಡರು. ಮೂಲೆಯಲ್ಲಿ ತೆಂಗಿನ ನಾರಿನ ಗೂಡು. ಮೂರು ಮರಿ. ಎರಡು ಸತ್ತು ಉಬ್ಬಿದ್ದವು, ಕಣ್ಣಿದ್ದ ಕಡೆ ಹುಳ ಗಿಜಿಗುಟ್ಟುತ್ತಿದ್ದವು. ಮೂರನೆಯದರ ತುಟಿಯ ತುಂಬ ಇರುವೆ. ಆದರೂ ಬಾಯಿ ಆಡಿಸುತ್ತಿತ್ತು. ಇರುವೆ ಒರೆಸಲು ಹೋದರೆ ಬೆರಳು ಚೀಪಿತು! ಅಲ್ಲೇ ವಾಂತಿಯಾಯಿತು. ಸೆರಗಿನಲ್ಲಿ ಸುತ್ತಿ ಇಳಿಸಿದೆ.

ಇವರು ಜಗಲಿಯಲ್ಲಿ ಚಮಚ ಒರೆಸುತ್ತಿದ್ದರು. ತಿರುಗಿ ನೋಡಲಿಲ್ಲ.

"ಎಸಿ ಅತ್ಲಾಗೆ. ಸ್ವಾಮಿಗಳು ಬರೋ ಮನೆ."

ಎಸಿ! ನೇರ ಹೋಗಿ ಬೋನಿನ ಅಗುಳಿಗೆ ಕೈ ಹಾಕಿದೆ. ಮಣಿಕಟ್ಟು ಹಿಡಿದು ತಿರುಚಿದರು. ಅದೇ ನಾತದ ಕೈ.

"ಬಸುರಿ ಕೈ ಬಿಡೋ!" ಅತ್ತೆ ಅಷ್ಟು ಜೋರಾಗಿ ಕೂಗಿದ್ದು ಇದೇ ಮೊದಲು. ಬಿಟ್ಟರು. ಬಾಗಿಲು ತೆಗೆದು ಮರಿಯನ್ನು ನೆಲಕ್ಕಿಟ್ಟೆ. ಬೆಕ್ಕು ನಮ್ಮ ಯಾರನ್ನೂ ನೋಡಲಿಲ್ಲ. ಕುಂಟುತ್ತ ಬಂದು ಮರಿಯ ಕುತ್ತಿಗೆ ಕಚ್ಚಿಕೊಂಡು ಗೋಡೆ ಹಾರಿ ತೋಟದ ಕಡೆ ಹೋಯಿತು.

ಸತ್ತ ಎರಡನ್ನು ಈರಣ್ಣ ಹೂಳಿದ. ಅಟ್ಟ ತೊಳೆದೆವು. ಚಮಚ ಬಾವಿಗೆ ಹಾಕೋಣ ಅನ್ನಿಸಿತು — ನೀರು ಕುಡಿಯಬೇಕಲ್ಲ. ತಿಪ್ಪೆಗೆ ಎಸೆದೆ.

ಜೂನ್ ೨೪, ಮಂಗಳವಾರ

ನಿನ್ನೆ ಪಾದಪೂಜೆ ಆಯಿತು. ಊರೆಲ್ಲ ಉಂಡಿತು. ಸ್ವಾಮಿಗಳು ಪುನುಗಿನ ಮಾತೇ ಎತ್ತಲಿಲ್ಲ. ಹೇಳಿ ಕಳಿಸಿದ್ದು ಅವರಿಗೆ ಮುಟ್ಟಿತ್ತೋ ಇಲ್ಲವೋ. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಇವರು ಕಂಬದ ಬಳಿ ಕೈಮುಗಿದುಕೊಂಡೇ ನಿಂತಿದ್ದರು. ನೋಡಿ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಜೂನ್ ೨೭, ಶುಕ್ರವಾರ. ಮಧ್ಯಾಹ್ನ

ಇವರೇ ಮಾತಾಡಿಸಿದರು. ಮರಿ ಇಳಿಸಿದ ದಿನದಿಂದ ಬೇಕು ಬೇಡ ಬಿಟ್ಟರೆ ಬೇರೆ ಮಾತಿರಲಿಲ್ಲ.

"ನನ್ನ ಕಂಡ್ರೆ ಹೇಸಿಗೆನಾ ನಿಂಗೆ?"

ಇಲ್ಲ ಅನ್ನುವುದು ಸುಲಭವಿತ್ತು. ಹೌದು ಅಂದುಬಿಟ್ಟೆ.

ಸಿಟ್ಟಾಗಲಿಲ್ಲ. ಅಂಗೈ ಮೂಸಿ ನೋಡಿಕೊಂಡರು. "ನಂಗೂ ನಾತ ಬತ್ತಾನೇ ಐತೆ ಕಣೇ. ಎಷ್ಟು ತೊಳೆದ್ರೂ" ಅಂದರು. ಆಮೇಲೆ ಪಕ್ಕಕ್ಕೆ ಸರಿದು ನನ್ನ ಹೊಟ್ಟೆಯ ಮೇಲೆ ಕೈ ಇಡಲು ಬಂದರು. ಆ ಕೈ. ತಳ್ಳಲಿಲ್ಲ. ಉಸಿರು ಮಾತ್ರ ಬಿಗಿ ಹಿಡಿದೆ. ಅದು ಅವರಿಗೆ ಗೊತ್ತಾಯಿತು. ಕೈ ಹಾಗೇ ನಡುವೆ ನಿಂತಿತು. ನಾನಾಗಿ ಹಿಡಿದುಕೊಳ್ಳಬಹುದಿತ್ತು, ಹಿಡಿಯಲಿಲ್ಲ. ಅವರೇ ಕೈ ಹಿಂದಕ್ಕೆ ತೆಗೆದುಕೊಂಡರು.