ಹಾಜರಿಯ ಮೊದಲ ಹೆಸರು

ಮಾನ್ವಿ
14 ಡಿಸೆಂಬರ್ 2025, ಭಾನುವಾರ

ತಂಗಿ ನಾಗವೇಣಿಗೆ ನಿನ್ನ ಭಾವನ ಜೈಭೀಮ್.

ನಿನ್ನ ಎರಡು ಫೋನೂ ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನಾನು ಮೊದಲು ಬೈಯುತ್ತೇನೆ, ಹೇಳಬೇಕಾದದ್ದು ಹಿಂದೆ ಉಳಿಯುತ್ತದೆ. ಅದಕ್ಕೇ ಕಾಗದ. ನಾಲ್ಕನೆಯ ಕ್ಲಾಸಿಗೆ ನಿಂತುಹೋದ ಅಕ್ಷರ, ನಿಧಾನ ಓದಿಕೋ. ಮಗಳು ದುರ್ಗಾಳಿಂದ ಓದಿಸಬೇಡ. ನೀನೇ ಓದು.

ತಮ್ಮನ ನುಡಿನಮನದ ದಿನ ಎಲ್ಲರೂ ನಗುವಾಗ ನಾನೊಬ್ಬ ಕುರ್ಚಿ ಒದ್ದು ಎದ್ದುಹೋದೆ, ಉಣ್ಣಲೂ ಇಲ್ಲ ಎಂದು ಮಗಳ ಮುಂದೆ ಅಳುತ್ತಿದ್ದೆಯಂತೆ. "ಸ್ವಂತ ತಮ್ಮ ಸತ್ರೂ ನಿಮ್ಮ ದೊಡ್ಡಪ್ಪನ ಸಿಟ್ಟು ಸಾಯಲಿಲ್ಲ ನೋಡು" ಅಂದೆಯಂತೆ. ಕುರ್ಚಿ ಒದೆಯಲಿಲ್ಲ, ಅದು ತಾನಾಗಿ ಬಿತ್ತು. ಉಳಿದದ್ದು ನಿಜ.

ಆ ದಿನ ಮುಕರ್ರಂ ಮಾತಾಡಿದ್ದು ನೆನಪಿದೆಯಲ್ಲ, ತಮ್ಮನ ಹತ್ತಿರ ಓದಿ ಈಗ ರಾಯಚೂರಿನ ಅದೇ ಕಾಲೇಜು ವಿಭಾಗದಲ್ಲಿ ಮೇಷ್ಟ್ರಾಗಿರುವವನು. "ನಮ್ಮ ಯಂಕೋಬ ಸರ್ ದಿನಾ ಹಾಜರಿ ತಗೋಬೇಕಾದ್ರ ಮೊದ್ಲು ತಮ್ಮ ಹೆಸರೇ ಕರೀತಿದ್ರು. 'ಯಂಕೋಬ' ಅಂತಿದ್ರು. ಯಾರು ಹಾಂ ಅನ್ನಬೇಕು? ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡ್ತಿದ್ರು, ಆಮ್ಯಾಲೆ ನಮ್ಮ ಹೆಸರು. ಸರ್ಗೆ ತಾವು ಬಂದಾರೋ ಇಲ್ಲೋ ಅಂತ ಖಾತ್ರಿ ಇಲ್ಲ ನೋಡಪಾ ಅಂತ ನಾವು ಹಿಂದಿನ ಬೆಂಚಿನ್ಯಾಗ ನಗತಿದ್ವಿ" ಎಂದ. ಸಭೆಯೆಲ್ಲ ನಕ್ಕಿತು. ಸೆರಗು ಬಾಯಿಗೆ ಹಿಡಿದು ನೀನೂ ನಕ್ಕೆ.

ನಾನೊಬ್ಬ ನಗಲಿಲ್ಲ. ಇವರಿಗೆ ಗೊತ್ತಾಗಿದೆ, ಬೇಕೆಂದೇ ಚುಚ್ಚುತ್ತಿದ್ದಾರೆ ಎಂದುಕೊಂಡೆ. ಮೊದಲು ಅಮರೇಶನ ಮುಖ ನೋಡಿದೆ. ತಮ್ಮನ ಜೊತೆ ಪಾಠ ಮಾಡಿದವನು, ಬಾಗಿಲ ಹತ್ತಿರ ಒಬ್ಬನೇ ನಿಂತಿದ್ದ. ತಮ್ಮನ ಕಪಾಟಿನಲ್ಲಿ ಸಿಕ್ಕ ಹೆಸರಿಲ್ಲದ ಕಾಗದ ಅವನದೇ ಎಂದು ನೀನೇ ಹೇಳಿದ್ದೆಯಲ್ಲ. "ನಿಮ್ಮ ಮೇಷ್ಟ್ರ ಹೆಸರು ಅವನದಲ್ಲ, ವಿಚಾರಿಸಿರಿ" ಎಂದು ಏಳು ವರ್ಷದ ಹಿಂದೆ ವಿಭಾಗಕ್ಕೆ ಬಂದ ಕಾಗದ. ಹೊಟ್ಟೆಕಿಚ್ಚಿನ ಸುಳ್ಳು ಎಂದು ನೀನು ಉಗುಳಿದೆ.

ಸುಳ್ಳಲ್ಲ ನಾಗವೇಣಿ. ನಿನ್ನ ಗಂಡ ಯಂಕೋಬ ಅಲ್ಲ. ಯಂಕೋಬ ನಾನು. ಅವನು ಶೇಖರ.

ದೇವದುರ್ಗ ತಾಲೂಕಿನ ನಮ್ಮ ಗಬ್ಬೂರಿನಲ್ಲಿ, 1968ರಲ್ಲಿ, ನನಗೆ ಒಂಬತ್ತು, ಅವನಿಗೆ ಏಳು. ಅವನ ಹೆಸರನ್ನು ಶಾಲೆಗೆ ಯಾರೂ ಹಚ್ಚಿರಲಿಲ್ಲ. ಅವ್ವ ಕೂಲಿಗೆ ಹೋದರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ನನ್ನ ಬೆನ್ನಿಗೆ ಕಳಿಸುತ್ತಿದ್ದಳು. ನನ್ನ ಪಕ್ಕ ಕೂತು, ನನ್ನ ಪಾಟಿಯ ಮೇಲೆ ಬರೆದು, ನನಗಿಂತ ಮೊದಲು ಓದಲು ಕಲಿತ. ನಾಲ್ಕನೆಯ ಕ್ಲಾಸಿನ ನಡುವೆ ಅಪ್ಪ ನನ್ನನ್ನು ಬಿಡಿಸಿ ಎಮ್ಮೆ ಕಾಯಲು ಹಚ್ಚಿದ. ಮರುದಿನ ಇವನು ಒಬ್ಬನೇ ಶಾಲೆಗೆ ಹೋದ. ಮೇಷ್ಟ್ರು "ಯಂಕೋಬ" ಎಂದು ಕೂಗಿದರು. ಇವನು ಎದ್ದು ನಿಂತು "ಹಾಜರ್ ರೀ" ಅಂದ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಇರಲಿ ಬಿಡು, ತಲಿ ಒಂದು ಇದ್ರ ಸಾಕು" ಎಂದು ಗುರುತು ಹಾಕಿದರಂತೆ. ಶಾಲೆಯ ಹೆಸರೆಂದರೆ ಕೂರುವ ಜಾಗ ಎಂದಷ್ಟೇ ನಮ್ಮವರು ತಿಳಿದಿದ್ದರು. ಒಬ್ಬ ಎದ್ದರೆ ಇನ್ನೊಬ್ಬ ಕೂರುವುದು. ಆ ಹೆಸರು ಸಾಯುವ ತನಕ ಬೆನ್ನು ಬಿಡುವುದಿಲ್ಲ ಎಂದು ಯಾರು ಕಂಡಿದ್ದರು?

ಆಮೇಲೆ ಅಪ್ಪನಿಗೆ ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿ ಸಿಕ್ಕಿತು. ಶಾಲೆಯ ವರ್ಗಾವಣೆ ಪತ್ರ ಹಿಡಿದು ತಮ್ಮ ಯಂಕೋಬನಾಗಿ ಇಲ್ಲಿಗೆ ಬಂದ. ಒಂದೇ ಮನೆಯಲ್ಲಿ ಇಬ್ಬರು ಯಂಕೋಬ ಇರುವಂತಿಲ್ಲವಲ್ಲ, ರೇಷನ್ ಕಾರ್ಡಿನಲ್ಲಿ ನಾನು ಶೇಖರನಾದೆ. ಬಾಯಿ ತಪ್ಪೀತೆಂದು ಅವ್ವ ನಮ್ಮನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು. ದೊಡ್ಡಾ, ಸಣ್ಣಾ, ಅಷ್ಟೇ. ನೀನೋ ಗಂಡನ ಹೆಸರು ಎತ್ತುವವಳಲ್ಲ. ನಿನಗೆ ತಿಳಿಯುವುದಾದರೂ ಹೇಗೆ? ಹೆಸರಿನ ಜೊತೆ ನನ್ನ ವಯಸ್ಸೂ ಅವನ ಮೈಮೇಲೆ ಹೋಯಿತು. ಮೈಯಲ್ಲಿ ಶಕ್ತಿ ಇದ್ದಾಗಲೇ ಎರಡು ವರ್ಷ ಮೊದಲು ಅವನನ್ನು ನಿವೃತ್ತಿ ಮಾಡಿ ಮನೆಗೆ ಕಳಿಸಿದ್ದು ಅದಕ್ಕೇ.

ಈಗ ನನ್ನ ಹೊಟ್ಟೆಯೊಳಗಿನ ಹುಳ ಹೇಳುತ್ತೇನೆ. ಜೂನ್ ಒಂದು, ಶಾಲೆಯ ದಾಖಲೆಯ ಪ್ರಕಾರ ಅವನ ಹುಟ್ಟಿದ ದಿನ, ಅಂದರೆ ನನ್ನದು. ನೀನು ಹೋಳಿಗೆ ಮಾಡಿ ಕಾಯುತ್ತಿದ್ದೆ, ಅವನು ಹೊಸ ಅಂಗಿ ಹಿಡಿದು ರಾಯಚೂರಿನಿಂದ ಮೊದಲ ಬಸ್ಸಿಗೆ ನನ್ನ ಮನೆಗೆ ಬರುತ್ತಿದ್ದ. ನಾನು ತೊಟ್ಟು ತೋರಿಸುವ ತನಕ ನೀರೂ ಮುಟ್ಟುತ್ತಿರಲಿಲ್ಲ. ಬೇರೆಯವರು ಪ್ರೀತಿ ಅಂದಾರು. ನಾನು ಅನ್ನಲಿಲ್ಲ. ಬಾಯಿ ಮುಚ್ಚಿಸಲು ಬಂದ ಎಂದೇ ಅಂದುಕೊಂಡೆ, ಪ್ರತಿ ವರ್ಷ. ನಿನ್ನ ಮನೆಯಲ್ಲಿ ಅವನು ಇದ್ದ ರೀತಿಯನ್ನೂ ನಂಬಲಿಲ್ಲ. ಪಾಠಕ್ಕೆ ಹೋಗುವ ಮುಂಚೆ ದುರ್ಗಾಳಿಗೆ ಎರಡು ಜಡೆ ಹಾಕುತ್ತಿದ್ದ. ಸಂತೆಯಿಂದ ಪುಂಡಿಪಲ್ಲೆಯ ಸೊಪ್ಪು ತಂದು ತಾನೇ ಸೋಸುತ್ತಿದ್ದ. ನಿನಗೆ ವಿಷಮಜ್ವರ ಬಂದಾಗ ಇಪ್ಪತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹುಡುಗರ ಪೇಪರು ತಿದ್ದಿದ. ಓಣಿಯ ಹೆಂಗಸರು ನಾಗವೇಣಿಯ ಪುಣ್ಯ ಅಂದರು. ಇಷ್ಟು ಒಳ್ಳೆಯವನು ಏನೋ ಮುಚ್ಚಿಟ್ಟಿರಲೇಬೇಕು ಎಂದು ನಾನು ಒಳಗೇ ಹಲ್ಲು ಕಡಿದೆ. ಮುಚ್ಚಿಟ್ಟಿದ್ದ ಕೂಡ. ನನ್ನನ್ನೇ.

ಆ ದಿನ ಸಭೆಯಿಂದ ಎದ್ದವನು ಮಾನ್ವಿ ಬಸ್ಸು ಹತ್ತಿದೆ. ಕಲ್ಲೂರು ದಾಟುವ ತನಕ ಮುಕರ್ರಂನನ್ನು ಬೈದುಕೊಳ್ಳುತ್ತಲೇ ಇದ್ದೆ. ಆಮೇಲೆ ಅವನ ಮಾತು ಮತ್ತೆ ಕಿವಿಗೆ ಬಂತು. ಬಾಗಿಲ ಕಡೆ ನೋಡುತ್ತಿದ್ದರು ಅಂದನಲ್ಲ. ತನ್ನನ್ನು ತಾನೇ ಕರೆದುಕೊಳ್ಳುವವನು ಬಾಗಿಲ ಕಡೆ ಯಾಕೆ ನೋಡುತ್ತಾನೆ? ತಾನು ಒಳಗೇ ಇದ್ದನಲ್ಲ. ಮೂವತ್ತು ವರ್ಷ ದಿನಾ ನನ್ನನ್ನು ಕರೆದಿದ್ದಾನೆ. ನಾನು ಆ ಹೊತ್ತಿಗೆ ಇಲ್ಲಿ ಮಿಲ್ಲಿನಲ್ಲಿ ಮೂಟೆಯ ಕೆಳಗಿದ್ದೆ.

ಪಕ್ಕದ ಸೀಟಿನಲ್ಲಿ ನಮ್ಮ ಓಣಿಯ ಖಾಸಿಂ ಬೀ ಇದ್ದಳು. "ಯಾಕಣ್ಣಾ, ಕಣ್ಣಾಗ ಧೂಳ ಬಿತ್ತೇನು?" ಅಂದಳು. "ನಿನ್ನ ಸಂತಿ ಚೀಲ ನೀ ನೋಡ್ಕೋ ಬೇ" ಅಂದೆ. ಪಾಪ, ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಈಗಲೂ ನನ್ನ ಮನಸ್ಸು ಪೂರ್ತಿ ತಿಳಿಯಾಗಿಲ್ಲ, ಸುಳ್ಳು ಯಾಕೆ ಹೇಳಲಿ. ತಪ್ಪಿಗೆ ಹೆದರಿ ಹಾಗೆ ಮಾಡಿದನೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಹೆದರಿದವನು ಅರವತ್ತು ಹುಡುಗರ ಮುಂದೆ ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತಾನೇನು? ನನಗಿಂತ ಹೆಚ್ಚು ಓದಿದವಳು ನೀನು, ನೀನೇ ಹೇಳು.

ಬರುವ ಭಾನುವಾರ ವಿಭಾಗದ ಓದುವ ಕೋಣೆಗೆ ಅವನ ಹೆಸರಿನ ಹಲಗೆ ಹಾಕುತ್ತಾರಲ್ಲ, ಅದರಲ್ಲಿ ಯಂಕೋಬ ಎಂದೇ ಇರಲಿ. ಹೆಸರು ನನ್ನದಾದರೂ ಅದಕ್ಕೆ ಬೆಲೆ ಬಂದದ್ದು ಅವನಿಂದ. ಒಂದೇ ಕೆಲಸ ಮಾಡು. ಮುಕರ್ರಂಗೆ ಹೇಳಿ ಅಲ್ಲಿ ಒಮ್ಮೆ ಆ ಹೆಸರು ಕೂಗಿಸು, ಅವನು ಕೂಗುತ್ತಿದ್ದ ಹಾಗೆ. ಕಾರಣ ಹೇಳಬೇಡ. ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ನಿನ್ನ ಭಾವ,
ಯಂಕೋಬ
(ಐವತ್ತೇಳು ವರ್ಷದ ಮೇಲೆ ಬರೆದ ಹೆಸರು, ಸೊಟ್ಟಗಿದೆ.)

ಮತ್ತೊಂದು ಮಾತು. ಮರೆತು ಉಳಿದದ್ದಲ್ಲ, ಬರೆಯಲು ಕೈ ಬಾರದೆ ಉಳಿದದ್ದು. ಭಾನುವಾರ ಅಮರೇಶನನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸು. ಆ ಕಾಗದ ಅವನದಲ್ಲ, ನನ್ನದು. ತಮ್ಮನಿಗೆ ಶಾಲು ಹೊದಿಸಿದ ದಿನ ಹಿಂದಿನ ಸಾಲಿನಲ್ಲಿ ಯಾರೋ ನನಗೆ, "ಅಣ್ಣ ಆಗಿ ನೀವ್ಯಾಕ ಓದ್ಲಿಲ್ರೀ?" ಅಂದ. ಆ ಉರಿಯಲ್ಲಿ ಬರೆದು ಅಂಚೆ ಡಬ್ಬಿಗೆ ಹಾಕಿಬಿಟ್ಟೆ. ಹೆಸರಿಲ್ಲದ ಕಾಗದವೆಂದು ವಿಭಾಗದ ಮುಖ್ಯಸ್ಥರು ಅದನ್ನು ತಮ್ಮನ ಕೈಗೇ ಕೊಟ್ಟರೆಂಬುದು ನೀನು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ನೀನು ಅಮರೇಶನ ಹೆಸರು ಹೇಳಿದಾಗ ಹೂಂ ಅಂದವನೂ ನಾನೇ. ಆ ಕಾಗದ ಹಾಕಿದ ವರ್ಷವೇ ತಮ್ಮ ಒಂದು ಭಾನುವಾರ ನನ್ನ ಸಕ್ಕರೆ ಕಾಯಿಲೆಯ ಗುಳಿಗೆ ತಂದಿದ್ದ. ಚಹಾ ಕುಡಿದ. ನಾನು ಪೆನ್ನು ಹಿಡಿದದ್ದನ್ನು ಅವನು ಹುಡುಗನಾಗಿದ್ದಾಗಿನಿಂದ ಕಂಡಿರಲಿಲ್ಲ. ಹೊರಡುವಾಗ, ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ ಹೇಳಿದ: "ಅಣ್ಣಾ, ನಿನ್ನ ಅಕ್ಷರ ಇನ್ನೂ ಚಲೋ ಅದಾವ."