ಪೂರ್ವಿಯ ಬಾಳೆ ಚಳಿಗಾಲ ದಾಟಿದ್ದು

ಮೌಂಟ್ ಬಾರ್ಕರ್, ಅಡಿಲೇಡ್
೬ ಅಕ್ಟೋಬರ್ ೨೦೨೪, ಭಾನುವಾರ

ಮುದ್ದಿನ ಪೂರ್ವಿಗೆ,

ಅಮ್ಮನ ಆಶೀರ್ವಾದ. ಬ್ರಿಸ್ಬೇನಿನ ಟೂವಾಂಗಿನಲ್ಲಿ ನೀನು ಆರೋಗ್ಯವಾಗಿದ್ದೀಯ, ರಾತ್ರಿ ಊಟಕ್ಕೆ ಬ್ರೆಡ್ಡು ತಿಂದು ಮಲಗುತ್ತಿಲ್ಲ ಎಂದು ನಂಬಿದ್ದೇನೆ. ಈ ಕಾಗದವನ್ನು ಮಾರ್ಚಿನಲ್ಲೇ ಬರೆಯಬೇಕಿತ್ತು. ಏಳು ತಿಂಗಳು ತಡ ಮಾಡಿದ್ದೇನೆ, ಕ್ಷಮಿಸು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜಿಗೆ ಎರಡು ನೀಲಿ ಗೀಟು ಬರುತ್ತವೆಯೇ ಹೊರತು ಉತ್ತರ ಬರುವುದಿಲ್ಲ. ಮೈಸೂರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡ ನಿನಗೆ ಮರೆತಿರಲಾರದು ಎಂಬ ಧೈರ್ಯದ ಮೇಲೆ ಅಕ್ಷರ ಬಿಡಿಸಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಮೊದಲು ಸುದ್ದಿ. ನಿನ್ನ ಬಾಳೆಗಿಡ ಬದುಕಿದೆ. ಆದರೆ ನೀನು ಬಿಟ್ಟುಹೋದ ಹಾಗೆ ಇಲ್ಲ, ನಾನೇ ಅದನ್ನು ಬುಡದವರೆಗೆ ಕತ್ತರಿಸಿದ್ದೇನೆ. ಕಾಗದ ಹರಿದು ಹಾಕುವ ಮೊದಲು ಪೂರ್ತಿ ಓದು.

ಫೆಬ್ರವರಿಯಲ್ಲಿ ಆದದ್ದು ನನಗೆ ಒಂದು ದಿನವೂ ಮರೆತಿಲ್ಲ. ಪರ್ತ್‌ನಿಂದ ನಿನ್ನನ್ನು ಮದುವೆಯಾಗಬೇಕಿದ್ದ ವರುಣ್ ತಾಯಿ ಫೋನು ಮಾಡಿ, ನಿನ್ನ ಜಾತಕದಲ್ಲಿ ಕುಜದೋಷವಿದೆ, ಮದುವೆಗೆ ಮುಂಚೆ ಹುಡುಗಿಗೆ ಒಂದು ಬಾಳೆಗಿಡದ ಜೊತೆ ಮದುವೆ ಮಾಡಿಸಿ ಆ ಗಿಡವನ್ನು ಕಡಿದುಬಿಟ್ಟರೆ ದೋಷವೆಲ್ಲ ಗಿಡಕ್ಕೆ ಹೋಗುತ್ತದೆ ಎಂದರು. ನಾನು ಒಂದು ಗಳಿಗೆಯೂ ಯೋಚಿಸದೆ, ಅದಕ್ಕೇನಂತೆ, ನಮ್ಮ ಹಿತ್ತಲಲ್ಲೇ ಗಿಡವಿದೆ ಎಂದುಬಿಟ್ಟೆ. ಮೂರು ವರ್ಷದಿಂದ ನೀನು ಮಗುವಿನ ಹಾಗೆ ಸಾಕಿದ ಗಿಡ! ನೀನು ಆ ಸಂಜೆ ಕೂಗಾಡಲಿಲ್ಲ. ಶೂ ಲೇಸು ಕಟ್ಟಿಕೊಳ್ಳುತ್ತಾ ತಲೆ ಎತ್ತದೆ ಹೇಳಿದೆ: "ಅವ್ರು ಕೇಳಿದ್ದಕ್ಕೆ ನಂಗೆ ಬೇಜಾರಿಲ್ಲಮ್ಮ. ನನ್ನನ್ನ ಒಂದ್ ಮಾತು ಕೇಳ್ದೇನೆ ನೀನು ಯೆಸ್ ಅಂದ್ಬಿಟ್ಯಲ್ಲ."

ಆಮೇಲೆ ನೀನು ವರುಣ್‌ನನ್ನು ಕೇಳಿದರೆ ಅವನು ಮಮ್ಮಿಯನ್ನು ವಿಚಾರಿಸಿ ಹೇಳುತ್ತೇನೆ ಎಂದನಂತೆ. ನೀನು ಸಂಬಂಧ ಬೇಡವೆಂದೆ, ಬ್ರಿಸ್ಬೇನಿನ ಕೆಲಸ ಒಪ್ಪಿಕೊಂಡೆ, ಹೊರಟೆ. ಅವನು ಹೋದದ್ದಕ್ಕೆ ನನಗೆ ಈಗ ಯಾವ ದುಃಖವೂ ಇಲ್ಲ. ನೀನು ಈ ಮನೆಗೆ ಮತ್ತೆ ಬರುತ್ತೀಯೋ ಇಲ್ಲವೋ, ನನಗಿರುವ ಚಿಂತೆ ಅದೊಂದೇ.

ಮೇ ತಿಂಗಳಲ್ಲಿ ಚಳಿ ಶುರುವಾಗಿ ಮೊದಲ ಹಿಮ ಬಿದ್ದು ಹುಲ್ಲು ಬೆಳ್ಳಗಾದ ದಿನ ನಿನ್ನ ಬಾಳೆಯ ಎಲೆಗಳು ಕಪ್ಪಾಗಿ ಜೋತುಬಿದ್ದವು. ಗ್ಯಾರೇಜಿನಲ್ಲಿ ನೀನು ಅಂಟಿಸಿದ್ದ ಚೀಟಿ ನೋಡಿಕೊಂಡು ನಾನೇ ಎಲ್ಲ ಮಾಡಿದೆ. ಎಲೆ ಸವರಿದೆ, ಸುತ್ತ ತಂತಿಬಲೆ ನಿಲ್ಲಿಸಿದೆ, ಒಳಗೆ ಒಣಹುಲ್ಲು ತುಂಬಿ ಗೋಣಿತಾಟು ಸುತ್ತಿದೆ, ಮೇಲೆ ಪ್ಲಾಸ್ಟಿಕ್ ಮುಚ್ಚಿದೆ. ನಿಮ್ಮಪ್ಪ ಕಿಟಕಿಯಿಂದ ನೋಡಿ, ತಿನ್ನಲು ಬಾರದ ಜಪಾನಿ ಬಾಳೆಗೆ ಇಷ್ಟು ಉಪಚಾರವೇ, ನನಗೆ ಜ್ವರ ಬಂದಾಗಲೂ ಇಷ್ಟು ಹೊದಿಸಿರಲಿಲ್ಲ ಎಂದರು.

ಚೀಟಿಯಲ್ಲಿ ಒಣಗಿರಲಿ, ನೀರು ಬೇಡ ಎಂದು ಬರೆದು ನೀನು ಅಡಿಯಲ್ಲಿ ಎರಡು ಸಲ ಗೆರೆ ಎಳೆದಿದ್ದೆ. ಓದಿದೆ. ಓದಿಯೂ ನಂಬಲಿಲ್ಲ. ನಮ್ಮಮ್ಮನಾಗಲಿ ಅಜ್ಜಿಯಾಗಲಿ ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲಿದ್ದನ್ನು ನಾನು ಕಂಡಿಲ್ಲ, ಅದು ಗಿಡದ ಪಾಲು. ನಾಲ್ಕು ತಿಂಗಳು ಉಪವಾಸ ಕೆಡವಿದರೆ ಗಿಡ ಹೇಗೆ ಉಳಿದೀತು ಎಂದುಕೊಂಡು ದಿನಾ ಬೆಳಿಗ್ಗೆ ಕುಕ್ಕರ್ ಇಡುವ ಮೊದಲು ಪ್ಲಾಸ್ಟಿಕ್ ಸರಿಸಿ ಒಂದು ಪಾತ್ರೆ ನೀರನ್ನು ಹುಲ್ಲಿನೊಳಗೆ ಹೊಯ್ದೆ. ಹೊಯ್ಯುವಾಗ ನಿನ್ನ ಹೆಸರೂ ಹೇಳುತ್ತಿದ್ದೆ, ನಗಬೇಡ. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳುವವಳು ನಾನು.

ಕಳೆದ ತಿಂಗಳ ಕೊನೆಯಲ್ಲಿ ಬಿಸಿಲು ಬಂತು, ಹೊದಿಕೆ ಬಿಚ್ಚಿದೆ. ವಾಸನೆ ಮೊದಲು ಬಂತು. ಹುಲ್ಲೆಲ್ಲ ಕಪ್ಪು ಮುದ್ದೆಯಾಗಿತ್ತು, ಗಿಡದ ತಲೆ ಒತ್ತಿದರೆ ಬೆರಳು ಒಳಗೇ ಹೋಯಿತು. ನಾನು ಅಲ್ಲೇ ಕುಳಿತು ಅತ್ತೆ. ಪಕ್ಕದ ಮನೆಯ ಬ್ರೆಂಡಾ ಬೇಲಿಯಾಚೆಯಿಂದ ಕೇಳಿಸಿಕೊಂಡು ಬಂದರು. ಹಿಮಕ್ಕಿಂತ ತೇವವೇ ಈ ಗಿಡಕ್ಕೆ ದೊಡ್ಡ ಶತ್ರು, ಕೊಳೆತದ್ದು ಗೆಡ್ಡೆಗೆ ಇಳಿಯುವ ಮುಂಚೆ ಬಿಳಿ ಕಾಣುವವರೆಗೂ ಕತ್ತರಿಸು, ಇವತ್ತೇ ಕತ್ತರಿಸು ಎಂದು ತಮ್ಮ ಗರಗಸವನ್ನು ನನ್ನ ಕೈಗಿಟ್ಟರು. ನೀವೇ ಕತ್ತರಿಸಿಕೊಡಿ ಎಂದೆ. ಅವರಿಗೆ ಭುಜದ ಆಪರೇಷನ್ ಆಗಿದೆ. ನಿಮ್ಮಪ್ಪ ಪ್ರಾಸ್ಪೆಕ್ಟ್‌ಗೆ ಅಲ್ಲಿನ ಇಂಡಿಯನ್ ಅಂಗಡಿಯಿಂದ ದಸರಾ ಸಾಮಾನು ತರಲು ಹೋಗಿದ್ದರು.

ನನ್ನ ಕೈ ಎಷ್ಟು ನಡುಗಿತೆಂದರೆ ಮೊದಲನೇ ಸಲ ಗರಗಸ ಜಾರಿತು. ಎದೆಯೆತ್ತರಕ್ಕೆ ಕತ್ತರಿಸಿದರೆ ಒಳಗೆಲ್ಲ ಕಂದು ಲೋಳೆ. ಸೊಂಟದೆತ್ತರಕ್ಕೆ ಕತ್ತರಿಸಿದೆ, ಅಲ್ಲೂ ಕಂದು. ಮಂಡಿಯ ಹತ್ತಿರ ಕತ್ತರಿಸಿದಾಗ ನಡುವೆ ಇನ್ನೂ ಒಂದು ಕಪ್ಪು ಚುಕ್ಕೆ ಇತ್ತು. ಕೊನೆಗೆ ನೆಲದಿಂದ ಒಂದು ಗೇಣು ಮೇಲೆ ಬಿಳುಪು ಕಂಡಿತು. ಪಟ್ಟೆಯ ಒಳಗೆ ಪಟ್ಟೆ, ಒಂದೊಂದರಲ್ಲೂ ಸಣ್ಣ ಸಣ್ಣ ಕಿಟಕಿಗಳು, ನೀರು ಒಸರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅದರ ಮುಂದೆ ಕುಳಿತೆ, ಸಾವಿನ ಮನೆಯಲ್ಲಿ ಕೂರುತ್ತೇವಲ್ಲ, ಹಾಗೆ.

ಪೂರ್ವಿ, ಇದನ್ನು ಹೇಗೆ ಹೇಳಲಿ ನಿನಗೆ. ಅರ್ಧ ಗಂಟೆಯಾಗಿರಬಹುದು. ಸಮವಾಗಿ ಕತ್ತರಿಸಿದ್ದ ಆ ಬಿಳಿ ಬಿಲ್ಲೆಯ ನಟ್ಟನಡುವೆ ಅಕ್ಕಿಕಾಳಿನಷ್ಟು ಏನೋ ಮೇಲೆದ್ದಿತ್ತು. ಕನ್ನಡಕ ಒರೆಸಿ ನೋಡಿದೆ. ಸುಳಿ! ಕತ್ತರಿಸಿಕೊಂಡ ಸುಳಿ ಕಾಯಲಿಲ್ಲ, ನೋವು ಹೇಳಿಕೊಳ್ಳಲಿಲ್ಲ, ನನ್ನ ಕಣ್ಣೆದುರಿಗೇ ಒಳಗಿನಿಂದ ಏರಿ ಬರುತ್ತಿತ್ತು. ಏರುವುದು ಕಾಣಿಸುವುದಿಲ್ಲ, ಏರಿದ್ದು ಮಾತ್ರ ಕಾಣಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳಿನ ಉಗುರಿನಷ್ಟಾಯಿತು. ಅರವತ್ತೊಂದು ವರ್ಷ ಬದುಕಿದ್ದೇನೆ, ಎಷ್ಟೋ ದೇವಸ್ಥಾನದಲ್ಲಿ ಕೈಮುಗಿದಿದ್ದೇನೆ, ಮೈ ಜುಮ್ಮೆಂದದ್ದು ಮಾತ್ರ ಅವತ್ತು. ಹಿಮ, ನನ್ನ ಅಕ್ಕಿನೀರು, ಗರಗಸ, ಯಾವುದೂ ಆ ಗೆಡ್ಡೆಯನ್ನು ಮುಟ್ಟಿರಲಿಲ್ಲ.

ನಿಮ್ಮಪ್ಪ ಬಂದವರು ನನಗೆ ತಲೆಸುತ್ತು ಬಂದಿದೆಯೆಂದು ಗಾಬರಿಯಾಗಿ ಓಡಿಬಂದರು. ಕೈ ತೋರಿಸಿದೆ. ಅವರೂ ಇನ್ನೊಂದು ಕುರ್ಚಿ ತಂದು ಕುಳಿತರು. ಇಬ್ಬರೂ ಊಟ ಮಾಡಿದ್ದು ಮೂರು ಗಂಟೆಗೆ.

ಇವತ್ತಿಗೆ ಎಂಟು ದಿನ. ಸುರುಳಿ ಬಿಚ್ಚಿ ಒಂದು ಎಲೆ ಬಂದಿದೆ. ಗರಗಸ ಕೊಯ್ದ ಸುಳಿಯದೇ ಎಲೆಯಾದ್ದರಿಂದ ತುದಿ ಚಪ್ಪಟೆಯಾಗಿದೆ, ಆದರೆ ಹಸಿರು. ಬುಡದ ಪಕ್ಕದಲ್ಲಿ ಎರಡು ಮರಿಕಂದುಗಳೂ ಮೂಗು ತೋರಿಸಿವೆ. ಅವನ್ನು ಕಿತ್ತು ಬೇರೆ ನೆಡಬೇಕೋ, ಅಲ್ಲೇ ಬಿಡಬೇಕೋ, ನನಗೆ ಗೊತ್ತಿಲ್ಲ. ಗಿಡ ನಿನ್ನದು. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿದ್ದೇನೆ. ಫೋನು ಮಾಡಿ ಹೇಳಬಹುದು, ಒಂದೇ ಸಾಲು ಬರೆದರೂ ಆಯಿತು. ಬಂದು ನೋಡಿ ಹೇಳಿದರೆ ನಿನಗಿಷ್ಟವಾದ ಬಿಸಿಬೇಳೆಬಾತ್ ಮಾಡುತ್ತೇನೆ. ನೀನು ಹೇಳುವ ತನಕ ನಾನು ಅದಕ್ಕೆ ಕೈ ಹಚ್ಚುವುದಿಲ್ಲ, ನೀರನ್ನೂ ಹಾಕುವುದಿಲ್ಲ.

ನಿನಗೆ ಒಳ್ಳೆಯದಾಗಲಿ, ಮಗಳೇ. ನೀನು ಎಲ್ಲಿದ್ದರೂ ತಲೆಯೆತ್ತಿ ಬಾಳು.

ನಿನ್ನ ಅಮ್ಮ,
ಪದ್ಮಾ

ತಾ.ಕ.: ಗರಗಸ ಹಿಡಿದಾಗ ಕೈ ಏಕೆ ನಡುಗಿತೆಂದು ಮೇಲೆ ಬರೆಯಲಿಲ್ಲ. ಬರೆದುಬಿಡುತ್ತೇನೆ. ನನ್ನ ಜಾತಕದಲ್ಲೂ ಕುಜದೋಷವಿತ್ತು. ನಿಮ್ಮಪ್ಪನ ಮನೆಯವರು ಕೇಳಿದರು, ನಮ್ಮಪ್ಪ ಹೂಂ ಎಂದರು. ನಂಜನಗೂಡಿನ ಹೊಳೆದಂಡೆಯಲ್ಲಿ ಒಂದು ರಸಬಾಳೆಯ ಗಿಡಕ್ಕೆ ನನ್ನನ್ನು ಧಾರೆ ಎರೆದರು. ಗಿಡದ ಪರವಾಗಿ ಪುರೋಹಿತರು ನನ್ನ ಕೊರಳಿಗೆ ಅರಿಶಿನದ ಕೊಂಬು ಕಟ್ಟಿದರು. ಸೋದರಮಾವ ಒಂದೇ ಏಟಿಗೆ ಗಿಡ ಕಡಿದ. ಕೊಂಬು ಬಿಚ್ಚಿಸಿ ತಲೆಯ ಮೇಲೆ ನೀರು ಸುರಿದರು. ಪದ್ಮನ ಮೊದಲನೇ ಗಂಡ ಹೋದ ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಒದ್ದೆ ಸೀರೆಯಲ್ಲಿ ವ್ಯಾನು ಹತ್ತುವಾಗ ಮನಸ್ಸಿನಲ್ಲೇ ಅಂದುಕೊಂಡಿದ್ದೆ, ನನಗೆ ಮಗಳು ಹುಟ್ಟಿದರೆ ಅವಳನ್ನು ಕೇಳದೆ ಏನನ್ನೂ ಮಾಡುವುದಿಲ್ಲ ಎಂದು. ನೀನು ಹುಟ್ಟಿದೆ. ನಾನು ಕೇಳಲಿಲ್ಲ.